ಹಳೆಯ ಸ್ಟೀರಿಯೋ, ಹೊಸ ಸ್ಪೀಕರು

ನಮ್ಮ ಮನೆಗೆ ಬಂದುಹೋಗುವ ಬಳಗದವರು ಈಚೆಗೆ ಒಂದೇ ಮಾತು ಕೇಳುತ್ತಾರೆ: "ನಿಮ್ಮ ಅಪ್ಪಾಜಿಯವರ ಹಳೇ ಸ್ಟೀರಿಯೋ ಮತ್ತ ಹಾಡಾಕ ಹತ್ತೇತಂತಲ್ರೀ, ಹೆಂಗ ಮಾಡಿದ್ರಿ?" ಜತ್ತಿನ ಬೀಗರು ಕೇಳಿದರು, ಸೊಲ್ಲಾಪುರದ ಸೋದರಮಾವನವರು ಕೇಳಿದರು, ಅಂಗಡಿಗೆ ಬರುವ ದಲಾಲರೊಬ್ಬರೂ ಕೇಳಿದರು. ಎಷ್ಟೋ ಮನೆಗಳಲ್ಲಿ ಅಂಥದೊಂದು ಪೆಟ್ಟಿಗೆ ಅಟ್ಟದ ಮೇಲೆ ಹಳೆಯ ಸೀರೆಯ ಮುಸುಕು ಹೊದ್ದು ಮಲಗಿದೆ ಎಂಬುದು ನಮಗೆ ತಿಳಿದದ್ದು ಆಗಲೇ. ಆಂಪ್ಲಿಫೈಯರು ಚೆನ್ನಾಗಿದೆ, ಸ್ಪೀಕರು ಕೆಟ್ಟಿದೆ. ಮಕ್ಕಳು ಈ ಕಾಲದ ಸ್ಪೀಕರು ತಂದಿಟ್ಟಿದ್ದಾರೆ, ಇವೆರಡಕ್ಕೂ ನಂಟು ಹಾಕುವುದು ಹೇಗೆಂದು ತಿಳಿಯದು. ಒಂದು ಮನೆಯಲ್ಲಿ ಹೊಸ ಸ್ಪೀಕರು ಮೊದಲ ದಿನವೇ ಸುಟ್ಟ ವಾಸನೆ ಬಿಟ್ಟಿತೆಂದೂ ಕೇಳಿದೆವು. ಬಾಯಿಮಾತಿನಲ್ಲಿ ಹೇಳುವಾಗ ಒಂದಲ್ಲ ಒಂದು ಬಿಟ್ಟುಹೋಗುತ್ತದೆ. ಆದ್ದರಿಂದ ಬರೆದೇ ಬಿಡೋಣವೆಂದು ಕುಳಿತಿದ್ದೇವೆ.

ನಾವು ಅಣ್ಣತಮ್ಮಂದಿರಿಬ್ಬರೂ ಅಕ್ಕಲಕೋಟೆಯಲ್ಲಿ ಕಾಳುಕಡಿಯ ವ್ಯಾಪಾರದವರು, ವಿದ್ಯುತ್ತಿನ ಶಾಸ್ತ್ರ ಓದಿದವರಲ್ಲ. ಓದಿದವಳು ನಮ್ಮ ಮನೆಯ ಹಿರಿಯ ಮಗಳು. ಇಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಮುಗಿಸಿ ಪುಣೆಯಲ್ಲಿ ಕೆಲಸದಲ್ಲಿದ್ದಾಳೆ. ಇಲ್ಲಿ ಬರೆಯುವ ವಿದ್ಯೆ ಅವಳದು. ಹಿಡಿ ಎಂದದ್ದನ್ನು ಹಿಡಿದು, ಎತ್ತು ಎಂದದ್ದನ್ನು ಎತ್ತಿದವರು ನಾವು.

ಅಪ್ಪಾಜಿಯವರಿಗೆ ಈಗ 83 ವರ್ಷ. ಅವರೂ ನಮ್ಮ ದೊಡ್ಡಪ್ಪನವರೂ ಕೂಡಿ 1984ರಲ್ಲಿ ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಿಂದ ಆ ಸ್ಟೀರಿಯೋ ತಂದರು. ಬದಿಗೆ 25 ವ್ಯಾಟಿನ ಆಂಪ್ಲಿಫೈಯರು, ಒಂದು ರೆಕಾರ್ಡ್ ಪ್ಲೇಯರು, ಒಂದು ಕ್ಯಾಸೆಟ್ ಡೆಕ್ಕು, ಸೊಂಟದೆತ್ತರದ ಎರಡು ಮರದ ಸ್ಪೀಕರ್ ಪೆಟ್ಟಿಗೆ. ಈ ರೊಕ್ಕದಲ್ಲಿ ಎಷ್ಟು ಚೀಲ ತೊಗರಿ ಬರುತ್ತಿತ್ತೆಂದು ನಮ್ಮ ಅಜ್ಜಿ ಬಹಳ ದಿನ ಲೆಕ್ಕ ಹಾಕುತ್ತಿದ್ದರು. ಆದರೆ ಸಂಜೆ ಹೊತ್ತು ಮುಳುಗುವ ಮೊದಲೇ ಊಟ ಮುಗಿಯುವ ಮನೆ ನಮ್ಮದು. ಊಟವಾದ ಮೇಲೆ ಮಲಗುವ ತನಕ ಸಮಯ ಉದ್ದವಾಗಿರುತ್ತದೆ. ಆ ಸಮಯದಲ್ಲಿ ಒಂದು ತಾಸು ಅಣ್ಣತಮ್ಮಂದಿರಿಬ್ಬರೂ ಕೂತು ಕೇಳುತ್ತಿದ್ದರು: ಮಲ್ಲಿಕಾರ್ಜುನ ಮನಸೂರರು, ಗಂಗೂಬಾಯಿ ಹಾನಗಲ್ಲರು, ಬಸವರಾಜ ರಾಜಗುರುಗಳು. ಭೀಮಸೇನ ಜೋಶಿಯವರ ದಾಸರ ಪದವೂ ಆಗುತ್ತಿತ್ತು, ಮರಾಠಿ ಅಭಂಗವೂ ಆಗುತ್ತಿತ್ತು. ಎರಡು ಭಾಷೆಯ ನಡುವೆ ಬದುಕುವ ನಮ್ಮಂಥವರಿಗೆ ಆ ದನಿ ಎರಡೂ ಕಡೆ ಸಲ್ಲುತ್ತದೆ. ದೊಡ್ಡಪ್ಪನವರು ತೀರಿಕೊಂಡ ಮೇಲೂ ಅಪ್ಪಾಜಿ ಆ ತಾಸನ್ನು ಬಿಡಲಿಲ್ಲ.

ಬಿಟ್ಟದ್ದು ಮೂರು ವರ್ಷದ ಹಿಂದೆ. ಕಾಚಬಿಂದು ಅಂದರೆ ಗ್ಲಾಕೋಮಾದಿಂದ ಅವರ ದೃಷ್ಟಿ ಬಹುಪಾಲು ಹೋಗಿತ್ತು. ಅದಾದ ಮೇಲೆ ಒಂದು ದಿನ ರೆಕಾರ್ಡು ನಿಲ್ಲಿಸಿ, "ಕಣ್ಣಾದೂವು, ಈಗ ಕಿವೀನೂ ಹ್ವಾದೂವು. ಹಾಡಿನಾಗ ಬರೇ ಜೀರುಂಡಿ ಕೂಗಿದಂಗ ಕೇಳತೈತಿ" ಎಂದರು. ವಯಸ್ಸಾಯಿತಲ್ಲ ಎಂದು ಮನೆಯವರೆಲ್ಲ ನಂಬಿದರು. ಸ್ಟೀರಿಯೋ ಮೇಲೆ ಮುಸುಕು ಬಿತ್ತು. ಸಂಜೆಯ ತಾಸು ಅವರು ಸುಮ್ಮನೆ ತೂಗುಮಂಚದ ಮೇಲೆ ಕೂರತೊಡಗಿದರು. ಮಾತೂ ಕಡಿಮೆಯಾಯಿತು. ಅಂಗಡಿಯ ದಿನದ ಲೆಕ್ಕ ಓದಿ ಹೇಳಿದರೆ ಮೊದಲು ತಪ್ಪು ಹಿಡಿಯುತ್ತಿದ್ದವರು ಈಗ ಹೂಂ ಎಂದು ಸುಮ್ಮನಾಗುತ್ತಿದ್ದರು.

ರಜೆಗೆ ಬಂದ ಮಗಳು ಆ ಪೆಟ್ಟಿಗೆಯ ಮುಂದಿನ ಬಟ್ಟೆ ಬಿಚ್ಚಿ ನೋಡಿದಳು. ದೊಡ್ಡ ಸ್ಪೀಕರಿನ ಕಾಗದದ ಶಂಕುವಿನ ಸುತ್ತ ಒಂದು ಮೆತ್ತನೆಯ ಫೋಮಿನ ಬಳೆ ಇರುತ್ತದೆ. ಶಂಕು ಹಿಂದೆ ಮುಂದೆ ಆಡುವಾಗ ಅದನ್ನು ನಡುಮಧ್ಯದಲ್ಲಿ ಹಿಡಿದಿಡುವುದು ಅದೇ. ಈ ಫೋಮು ಗಾಳಿ, ಸೆಕೆಗೆ ಹದಿನೈದಿಪ್ಪತ್ತು ವರ್ಷಗಳಲ್ಲಿ ತಾನಾಗಿ ಹಳಸಿ ಪುಡಿಯಾಗುತ್ತದೆ, ಬಳಸಿದರೂ ಸರಿ, ಬಳಸದಿದ್ದರೂ ಸರಿ. ನಮ್ಮದು ಮುಟ್ಟಿದರೆ ಉದುರುವಂತಾಗಿತ್ತು. ಹಿಡಿತ ತಪ್ಪಿದ ಶಂಕು ಓರೆಯಾಗಿ, ಒಳಗಿನ ತಂತಿಸುರುಳಿ ಅಯಸ್ಕಾಂತಕ್ಕೆ ಉಜ್ಜುತ್ತಿತ್ತು. ಜೀರುಂಡೆ ಕೂಗುತ್ತಿದ್ದುದು ಅಲ್ಲಿ. ಅವಳು ಅಪ್ಪಾಜಿಯ ಕೈ ಹಿಡಿದು ಆ ಪುಡಿಯನ್ನು ಮುಟ್ಟಿಸಿ, "ಅಜ್ಜಾ, ನಿಮ್ಮ ಕಿವಿ ಚಲೋ ಅದಾವರೀ. ಡಬ್ಬಿ ಕೆಟ್ಟೇತಿ" ಎಂದಳು. ಅವರು ಪುಡಿಯನ್ನು ಬೆರಳ ನಡುವೆ ಬಹಳ ಹೊತ್ತು ತಿಕ್ಕುತ್ತ ಕುಳಿತಿದ್ದರು.

ಮುಂದೇನು? ಫೋಮಿನ ಬಳೆ ಹೊಸದಾಗಿ ಕೂರಿಸುವವರು ಇದ್ದಾರೆ. ಆದರೆ ಒಂದು ಸ್ಪೀಕರಿನ ಸುರುಳಿಯೇ ಸವೆದಿತ್ತು, ಅದಕ್ಕೆ ಜೋಡಿ ಸಿಗಲಿಲ್ಲ. ಹುಡುಗರು, ಎಲ್ಲ ತೆಗೆದು ರಿಮೋಟಿನ ಹೋಮ್ ಥಿಯೇಟರ್ ತರೋಣ, ಫೋನಿನಿಂದಲೇ ಹಾಡು ಹಾಕಬಹುದು ಎಂದರು. ಅಪ್ಪಾಜಿ ಹೇಳಿದ್ದು ಇಷ್ಟೇ: "ಏನರ ತರ್ರಿ. ಆದರ ಸಪ್ಪಳದ ನಾಬು ನನ್ನ ಕೈಗೆ ಸಿಗಬೇಕು."

ಈ ಮಾತನ್ನು ಹಠವೆಂದು ತಿಳಿಯಬಾರದು. ಆಂಪ್ಲಿಫೈಯರಿನ ಮುಖದ ಮೇಲೆ ಐದು ನಾಬುಗಳಿವೆ. ಎಡದಿಂದ ಮೊದಲನೆಯದು ರೇಡಿಯೋ, ರೆಕಾರ್ಡು, ಟೇಪು ಆರಿಸುವುದು. ಬಲತುದಿಯದು, ಎಲ್ಲಕ್ಕಿಂತ ದೊಡ್ಡದು, ವಾಲ್ಯೂಮು. ಕಣ್ಣು ಕಾಣದವರಿಗೆ ರಿಮೋಟಿನ ಮೂವತ್ತು ನಲವತ್ತು ಸಣ್ಣ ಗುಂಡಿಗಳು ಒಂದೇ ಥರ. ಫೋನಿನ ಗಾಜಂತೂ ಬರೀ ಗಾಜು. ಈ ನಾಬಾದರೋ ಎಲ್ಲಿ ನಿಂತಿದೆ ಎಂಬುದನ್ನು ಅವರ ಬೆರಳೇ ಹೇಳುತ್ತದೆ. ನಲವತ್ತು ವರ್ಷದಿಂದ ಅದರ ಗೀಟು ಗಡಿಯಾರದ ಹತ್ತು ಗಂಟೆಯ ಕಡೆ ಇದ್ದರೆ ಅದು ಅವರ ಸಂಜೆಯ ಅಳತೆ. ಯಾರನ್ನೂ ಕರೆಯದೆ ತಾವಾಗಿ ಮಾಡಿಕೊಳ್ಳಬಹುದಾದ ಕೆಲಸ ಅವರಿಗೆ ಮನೆಯಲ್ಲಿ ಹೆಚ್ಚೇನೂ ಉಳಿದಿರಲಿಲ್ಲ. ಆದ್ದರಿಂದ ಹೊಸ ಸ್ಪೀಕರು ಯಾವುದೇ ಬರಲಿ, ಹಳೆಯ ನಾಬಿನ ಮಾತು ಕೇಳಬೇಕು ಎಂಬುದು ನಮ್ಮ ಕರಾರಾಯಿತು.

ಈಗ ಮೂಲ ವಿಷಯ. ಹಳೆಯ ಸ್ಪೀಕರಿಗೂ ಆಕ್ಟಿವ್ ಸ್ಪೀಕರಿಗೂ ಏನು ಭೇದ? ನಮ್ಮ ವ್ಯಾಪಾರದ ಮಾತಿನಲ್ಲಿ ಹೇಳುತ್ತೇವೆ. ಅಂಗಡಿಯಿಂದ ಗೋದಾಮಿಗೆ ಒಂದು ಚೀಟಿ ಹೋಗುತ್ತದೆ. ಚೀಟಿ ನೋಡಿ ಹಮಾಲರು ಮೂಟೆ ಹೊರುತ್ತಾರೆ. ರೇಡಿಯೋ, ಸಿ.ಡಿ. ಪ್ಲೇಯರುಗಳಿಂದ ಬರುವ ಸಂಕೇತ ಚೀಟಿಯಿದ್ದಂತೆ, ಹಗುರ. ಸಿ.ಡಿ. ಪ್ಲೇಯರು ಹೆಚ್ಚೆಂದರೆ 2 ವೋಲ್ಟಿನಷ್ಟು ಕೊಡುತ್ತದೆ. ಆಂಪ್ಲಿಫೈಯರು ಎಂದರೆ ಗೋದಾಮು. ಆ ಚೀಟಿಯಲ್ಲಿ ಬರೆದಂತೆಯೇ, ಆದರೆ ಮೂಟೆಯ ತೂಕದಲ್ಲಿ, ಹೊರಗೆ ಕಳಿಸುತ್ತದೆ. ನಮ್ಮ 25 ವ್ಯಾಟಿನದು ಪೂರ್ಣ ಜೋರಿನಲ್ಲಿ 8 ಓಮಿನ ಸ್ಪೀಕರಿಗೆ 14 ವೋಲ್ಟ್ ಕೊಡುತ್ತದೆ. 50 ವ್ಯಾಟಿನದಾದರೆ 20 ವೋಲ್ಟ್. ಹಳೆಯ ಸ್ಪೀಕರು ಈ ಮೂಟೆಯನ್ನೇ ಕಾಯುತ್ತದೆ. ಆಕ್ಟಿವ್ ಸ್ಪೀಕರಿನ ಪೆಟ್ಟಿಗೆಯೊಳಗೆ ಆಂಪ್ಲಿಫೈಯರು ಮೊದಲೇ ಇದೆ. ಸಾಮಾನ್ಯವಾಗಿ ದೊಡ್ಡ ಶಂಕುವಿಗೆ ಒಂದು, ಸಣ್ಣದಕ್ಕೆ ಒಂದು ಬೇರೆಬೇರೆ. ಅದಕ್ಕೇ ಅದಕ್ಕೆ ಗೋಡೆಯ ಕರೆಂಟಿನ ವಾಯರು ಬೇಕು. ತನ್ನದೇ ಗೋದಾಮು ಇರುವ ಅದು ಕೇಳುವುದು ಚೀಟಿಯನ್ನು ಮಾತ್ರ. ಚೀಟಿ ಹಾಕುವ ಕಿಂಡಿಗೆ ಮೂಟೆ ತುರುಕಿದರೆ ಕಿಂಡಿ ಮುರಿಯುತ್ತದೆ.

ಸೊಲ್ಲಾಪುರದಲ್ಲಿ ವಾಯರು ಕೊಳ್ಳಲು ಹೋದಾಗ ಒಂದು ಅಂಗಡಿಯಲ್ಲಿ, ಆಂಪ್ಲಿಫೈಯರಿನ ಹಿಂದಿನ ಕೆಂಪು ಕರಿ ತಿರುಪಿನಿಂದ ನೇರ ಹೊಸ ಸ್ಪೀಕರಿನ ಪಿನ್ನಿಗೆ ಕೊಡಿರಿ, ಏನೂ ಆಗುವುದಿಲ್ಲ ಎಂದು ಧೈರ್ಯವಾಗಿ ಹೇಳಿದರು. ಮಗಳು ನಮಸ್ಕಾರ ಮಾಡಿ ಹೊರಬಂದಳು. ಸುಟ್ಟ ವಾಸನೆಯ ಕಥೆಗಳು ಹುಟ್ಟುವುದು ಇಂಥ ಧೈರ್ಯದಿಂದ.

ಹಾಗಾದರೆ ಹಳೆಯ ಆಂಪ್ಲಿಫೈಯರಿನಿಂದ ಚೀಟಿಯನ್ನು ಎಲ್ಲಿಂದ ಪಡೆಯುವುದು? ಹಿಂಬದಿಯನ್ನು ಟಾರ್ಚು ಹಿಡಿದು ನೋಡಬೇಕು. 'ಪ್ರೀ ಔಟ್' ಎಂದು ಬರೆದ ತೂತುಗಳಿದ್ದರೆ ಪುಣ್ಯವಂತರು. ಅಲ್ಲಿ ಬರುವುದು ವಾಲ್ಯೂಮು ದಾಟಿದ ಹಗುರ ಸಂಕೇತ. ನೇರ ಆಕ್ಟಿವ್ ಸ್ಪೀಕರಿಗೆ ಕೊಡಬಹುದು, ನಾಬು ತಿರುಗಿಸಿದರೆ ಸಪ್ಪಳ ಏರಿಳಿಯುತ್ತದೆ. ಕೆಲವು ಹಳೆಯ ಯಂತ್ರಗಳಲ್ಲಿ 'ಪ್ರೀ ಔಟ್', 'ಮೇನ್ ಇನ್' ಎರಡನ್ನೂ ಸಣ್ಣ ಬಾಗಿದ ಲೋಹದ ಕೊಂಡಿಯಿಂದ ಕೂಡಿಸಿರುತ್ತಾರೆ. ಆ ಕೊಂಡಿ ಕಿತ್ತು 'ಪ್ರೀ ಔಟ್'ಗೆ ಹೊಸ ವಾಯರು ಸಿಕ್ಕಿಸಿದರೆ ಆಯಿತು. ಕೊಂಡಿ ಬಿಸಾಡಬೇಡಿರಿ, ಮುಂದೆ ಬೇಕಾದೀತು.

'ಟೇಪ್ ಔಟ್' ಅಥವಾ 'ರೆಕ್ ಔಟ್' ಬಹುತೇಕ ಎಲ್ಲ ಆಂಪ್ಲಿಫೈಯರುಗಳಲ್ಲೂ ಇರುತ್ತದೆ. ಅದೂ ಹಗುರ ಸಂಕೇತವೇ. ಆದರೆ ಕ್ಯಾಸೆಟ್ಟಿನಲ್ಲಿ ತುಂಬಿಕೊಳ್ಳಲೆಂದು ಇಟ್ಟದ್ದಾದ್ದರಿಂದ ವಾಲ್ಯೂಮಿಗಿಂತ ಮೊದಲೇ ಅದು ಕವಲೊಡೆಯುತ್ತದೆ. ನಾಬನ್ನು ಎಷ್ಟು ತಿರುಗಿಸಿದರೂ ಅಲ್ಲಿ ಸಪ್ಪಳ ಬದಲಾಗದು. ಹೊಸ ಸ್ಪೀಕರಿನ ಬೆನ್ನಿನ ನಾಬನ್ನೇ ಎದ್ದು ಹೋಗಿ ತಿರುಗಿಸಬೇಕು, ಅದೂ ಎಡದ್ದು ಬೇರೆ, ಬಲದ್ದು ಬೇರೆ. ಅನೇಕರಿಗೆ ಇದು ನಡೆಯುತ್ತದೆ. ನಮ್ಮ ಕರಾರಿಗೆ ನಡೆಯುತ್ತಿರಲಿಲ್ಲ.

ನಮ್ಮ ಯಂತ್ರದಲ್ಲಿ 'ಪ್ರೀ ಔಟ್' ಇರಲಿಲ್ಲ. ಉಳಿದದ್ದು ಮುಂಬದಿಯ ಹೆಡ್‌ಫೋನಿನ ದಪ್ಪ ತೂತು. ಅದು ವಾಲ್ಯೂಮಿನ ಮಾತು ಕೇಳುತ್ತದೆ. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಹಳೆಯ ಆಂಪ್ಲಿಫೈಯರುಗಳಲ್ಲಿ ಹೆಡ್‌ಫೋನಿಗೆ ಬೇರೆ ವ್ಯವಸ್ಥೆ ಇಲ್ಲ. ಸ್ಪೀಕರಿನ ಮೂಟೆಯನ್ನೇ ಒಂದು ರೆಸಿಸ್ಟರಿನ ಮೂಲಕ ಅಲ್ಲಿಗೆ ತಂದಿರುತ್ತಾರೆ. ಹೆಡ್‌ಫೋನು ಸಿಕ್ಕಿಸಿದಾಗ ವೋಲ್ಟು ಇಳಿಯುತ್ತದೆ; ಆಕ್ಟಿವ್ ಸ್ಪೀಕರು ಸಿಕ್ಕಿಸಿದರೆ ಅದು ಕರೆಂಟು ಎಳೆಯುವುದೇ ಅತ್ಯಲ್ಪವಾದ್ದರಿಂದ ವೋಲ್ಟು ಇಳಿಯುವುದಿಲ್ಲ. ಯಾರಾದರೂ ಮಕ್ಕಳು ನಾಬನ್ನು ಪೂರ್ತಿ ತಿರುಗಿಸಿಬಿಟ್ಟರೆ 14 ವೋಲ್ಟೂ ಹೋಗಿ ಬಡಿದೀತು. ಆದ್ದರಿಂದ ಮಗಳು ನಡುವೆ ಒಂದು ತೂಕ ಇಳಿಸುವ ಡಬ್ಬಿ ಮಾಡಿದಳು. ಎಡಕ್ಕೊಂದು ಬಲಕ್ಕೊಂದು ಜೋಡಿ ರೆಸಿಸ್ಟರು: 10,000 ಓಮಿನದು ಸಂಕೇತದ ಹಾದಿಯಲ್ಲಿ, 1,000 ಓಮಿನದು ಅಲ್ಲಿಂದ ನೆಲದ ತಂತಿಗೆ, ಆ ಎರಡೂ ಕೂಡುವ ಜಾಗದಿಂದ ಸ್ಪೀಕರಿಗೆ. ಬಂದದ್ದರಲ್ಲಿ ಹನ್ನೊಂದರಲ್ಲಿ ಒಂದು ಪಾಲು ಮಾತ್ರ ಆಚೆ ಹೋಗುತ್ತದೆ. 14 ವೋಲ್ಟು ಬಂದರೂ ಹೋಗುವುದು 1.3ರ ಆಸುಪಾಸು. ಹಳೆಯ ಆಂಪ್ಲಿಫೈಯರಿನ ಸುಯ್ ಎನ್ನುವ ಸಪ್ಪಳವೂ ಅಷ್ಟೇ ಪಾಲಿಗೆ ಇಳಿಯಿತು. ನಾಲ್ಕೂ ರೆಸಿಸ್ಟರು ಸೇರಿ ಒಂದು ಕಪ್ಪು ಚಹಾದ ಬೆಲೆಯೂ ಅಲ್ಲ. ಡಬ್ಬಿಗೆ ನಮ್ಮ ಅಜ್ಜಿಯ ಹಳೆಯ ಅಡಿಕೆ ಡಬ್ಬಿಯೇ ಆಯಿತು. ತಗಡಿನದಾದ್ದರಿಂದ ಹೊರಗಿನ ಗದ್ದಲವನ್ನೂ ತಡೆಯುತ್ತದೆ ಎಂದು ಮಗಳು ಹೇಳಿದಳು.

ಇಲ್ಲಿ ಎರಡು ಎಚ್ಚರಿಕೆ. ನಿಮ್ಮದು ಟ್ರಾನ್ಸಿಸ್ಟರಿನದಾಗಿದ್ದರೆ ಸ್ಪೀಕರಿನ ತಿರುಪು ಖಾಲಿ ಬಿಟ್ಟು ನಡೆಸಿದರೆ ಚಿಂತೆಯಿಲ್ಲ. ಅದಕ್ಕೂ ಹಿಂದಿನ, ಗಾಜಿನ ವಾಲ್ವಿನದಾಗಿದ್ದರೆ ಹಾಗೆ ಖಾಲಿ ನಡೆಸಲೇಬಾರದು. ಒಳಗಿನ ಔಟ್‌ಪುಟ್ ಟ್ರಾನ್ಸ್‌ಫಾರ್ಮರು ಹೋದೀತು. ಇನ್ನೊಂದು, ಈಚಿನ ಕೆಲವು ಆಂಪ್ಲಿಫೈಯರುಗಳಲ್ಲಿ ಕರಿ ತಿರುಪೂ ನೆಲದ ತಂತಿಯಲ್ಲ, ಅದರಲ್ಲೂ ಸಂಕೇತ ಇರುತ್ತದೆ. ಅಂಥದರ ಎರಡು ಕರಿ ತಿರುಪುಗಳನ್ನು ಒಂದಕ್ಕೊಂದು ಕೂಡಿಸುವ ಸಾಹಸ ಯಾರೂ ಮಾಡಬಾರದು.

ಆಮೇಲೆ ಅಳತೆ ಕೂಡಿಸುವ ಕೆಲಸ. ಅಪ್ಪಾಜಿಯನ್ನು ಅವರ ಜಾಗದಲ್ಲಿ ಕೂರಿಸಿ, ನಾಬನ್ನು ಹತ್ತು ಗಂಟೆಗೆ ಇಡಿಸಿ, ಮನಸೂರರ ರೆಕಾರ್ಡು ಹಾಕಿದೆವು. ಹೊಸ ಸ್ಪೀಕರುಗಳ ಬೆನ್ನಿನ ನಾಬುಗಳನ್ನು ಸೊನ್ನೆಯಿಂದ ಸ್ವಲ್ಪಸ್ವಲ್ಪವೇ ಏರಿಸುತ್ತ ಹೋದೆವು. "ಹಾಂ, ನಿಲ್ಲಸ್ರಿ" ಎಂದಲ್ಲಿ ನಿಲ್ಲಿಸಿ, ಎಡಬಲ ಒಂದೇ ಆಗಿದೆಯೇ ನೋಡಿ, ಆ ನಾಬುಗಳ ಮೇಲೆ ಅಂಟುಪಟ್ಟಿ ಹಚ್ಚಿಬಿಟ್ಟೆವು. ಅಲ್ಲಿಂದೀಚೆಗೆ ಅವುಗಳನ್ನು ಯಾರೂ ಮುಟ್ಟಿಲ್ಲ. ಹಳೆಯ ಹತ್ತು ಗಂಟೆ ಈಗಲೂ ಹಳೆಯ ಹತ್ತು ಗಂಟೆಯೇ.

ಇನ್ನು ಸಬ್‌ವೂಫರು. ಈ ಹೆಸರು ಕೇಳಿದರೆ ಮದುವೆ ಮೆರವಣಿಗೆಯ ಎದೆ ನಡುಗಿಸುವ ಗಾಡಿ ನೆನಪಾಗುತ್ತದೆ. ನಮ್ಮ ಮನೆಯ ಹೆಂಗಸರು ಮೊದಲು ಬೇಡವೆಂದೇ ಹೇಳಿದರು. ಆದರೆ ಅದರ ಸರಿಯಾದ ಕೆಲಸ ಗದ್ದಲವಲ್ಲ. ಹೊಸ ಸ್ಪೀಕರುಗಳು ಐದಿಂಚಿನ ಶಂಕುವಿನವು. ಅಷ್ಟು ಸಣ್ಣ ಶಂಕು ತಳದ ಸ್ವರ ಹೊರಡಿಸಬೇಕಾದರೆ ಬಹಳ ಹಿಂದೆ ಮುಂದೆ ಓಡಾಡಬೇಕು. ಅದೇ ಹೊತ್ತಿಗೆ ಗವಾಯಿಯ ದನಿಯನ್ನೂ ಅದೇ ಶಂಕು ಹೊರಡಿಸಬೇಕು. ಒಬ್ಬನೇ ಆಳು ಮೂಟೆ ಹೊರುತ್ತ ಲೆಕ್ಕವನ್ನೂ ಬರೆದಂತೆ, ಎರಡೂ ಕೆಡುತ್ತವೆ. ತಳದ ಸ್ವರವನ್ನು ಸಬ್‌ವೂಫರಿಗೆ ವಹಿಸಿದರೆ ಸಣ್ಣ ಸ್ಪೀಕರು ನಿರಾಳವಾಗಿ ದನಿಯೊಂದನ್ನೇ ನುಡಿಸುತ್ತದೆ.

ವಯಸ್ಸಾದವರಿರುವ ಮನೆಯಲ್ಲಿ ಇದನ್ನು ನೆನಪಿಡಬೇಕು. ಮುಪ್ಪಿನ ಕಿವಿಗೆ ಮೊದಲು ಮಸುಕಾಗುವುದು ಮೇಲಿನ ಸ್ವರಗಳು. ಸ, ಶ, ತ, ಕ ಇಂಥ ಅಕ್ಷರಗಳ ಮೊನೆ ಅಲ್ಲಿರುತ್ತದೆ. ಕೇಳಿಸುವುದಿಲ್ಲವೆಂದು ಸಪ್ಪಳವನ್ನು, ಅದರಲ್ಲೂ ಬೇಸನ್ನು ಏರಿಸುತ್ತ ಹೋದರೆ ಆ ಮೊನೆ ಇನ್ನಷ್ಟು ಮುಚ್ಚಿಹೋಗುತ್ತದೆ. ಪದ ತಿಳಿಯದು, ಗುಡುಗು ಮಾತ್ರ ಉಳಿಯುತ್ತದೆ. ಮನೆಯಲ್ಲಿ ಟಿ.ವಿ. ಜೋರಾಗಿಟ್ಟರೂ ಅಜ್ಜ ಅಜ್ಜಿಯರು ಏನಂದ, ಏನಂದ ಎಂದು ಕೇಳುವುದಕ್ಕೆ ಇದೂ ಒಂದು ಕಾರಣ.

ಜೋಡಣೆ ಹೀಗೆ: ಅಡಿಕೆ ಡಬ್ಬಿಯಿಂದ ಎಡಬಲ ಎರಡು ವಾಯರು ಸಬ್‌ವೂಫರಿನ 'ಲೈನ್ ಇನ್'ಗೆ, ಸಬ್‌ವೂಫರಿನ 'ಲೈನ್ ಔಟ್'ನಿಂದ ಎರಡು ವಾಯರು ಎರಡು ಸ್ಪೀಕರುಗಳಿಗೆ. ಕೊಳ್ಳುವ ಮೊದಲು ಒಂದು ಪ್ರಶ್ನೆ ಕೇಳಿರಿ: ಆ 'ಲೈನ್ ಔಟ್' ತಳದ ಸ್ವರ ಸೋಸಿ ಕೊಡುತ್ತದೆಯೋ, ಬಂದದ್ದನ್ನೇ ದಾಟಿಸುತ್ತದೆಯೋ? ಸೋಸಿ ಕೊಟ್ಟರೆ ಮಾತ್ರ ಮೇಲೆ ಹೇಳಿದ ಲಾಭ. ಎಷ್ಟೋ ಸಬ್‌ವೂಫರುಗಳಲ್ಲಿ ಆಂಪ್ಲಿಫೈಯರಿನ ಸ್ಪೀಕರ್ ತಿರುಪಿನಿಂದಲೇ ಪಡೆಯುವ 'ಹೈ ಲೆವೆಲ್' ಕಿಂಡಿಯೂ ಇರುತ್ತದೆ. ಅದು ಮೂಟೆಗೆಂದೇ ಮಾಡಿದ ಬಾಗಿಲು, ಹೆದರಬೇಕಾಗಿಲ್ಲ. ಹಳೆಯ ಸ್ಪೀಕರು ಚೆನ್ನಾಗಿದ್ದು ಬರೀ ಸಬ್‌ವೂಫರು ಸೇರಿಸುವವರಿಗೆ ಅದೇ ಸುಲಭ.

ಎಲ್ಲಿ ಸೋಸುವುದು ಎಂಬುದಕ್ಕೆ ಕ್ರಾಸ್‌ಓವರ್ ಎಂಬ ನಾಬು ಇದೆ. ನಾವು 80 ಹರ್ಟ್ಸಿಗೆ ಇಟ್ಟೆವು. ಅದಕ್ಕಿಂತ ಕೆಳಗಿನ ಸ್ವರ ಯಾವ ದಿಕ್ಕಿನಿಂದ ಬರುತ್ತಿದೆ ಎಂದು ಕಿವಿಗೆ ಸರಿಯಾಗಿ ತಿಳಿಯುವುದಿಲ್ಲ. ಆದ್ದರಿಂದಲೇ ಸಬ್‌ವೂಫರು ಒಂದೇ ಸಾಕು, ಎಲ್ಲೋ ಮೂಲೆಯಲ್ಲಿದ್ದರೂ ಗವಾಯಿ ಎದುರಿಗೇ ಕೂತಂತೆ ಕೇಳುತ್ತದೆ. ನಮ್ಮ ಸಂಗೀತದಲ್ಲಿ ಅಷ್ಟು ತಳದಲ್ಲಿ ಏನಿದೆ ಎಂದು ಕೇಳಬಹುದು. ಬಿಳಿ ಒಂದರ ಶ್ರುತಿಗೆ ತಂಬೂರಿ ಕೂಡಿಸಿದರೆ ಅದರ ಖರ್ಜದ ತಂತಿ 65 ಹರ್ಟ್ಸಿನ ಆಸುಪಾಸಿನಲ್ಲಿ ನುಡಿಯುತ್ತದೆ. ತಬಲಾದ ಡಗ್ಗದ ಗುಮಕಿಯ ಬುಡವೂ ಅಲ್ಲೆಲ್ಲೋ ಇದೆ. ಅಂದರೆ ಇರುವುದು ಸ್ವಲ್ಪ. ಆದರೆ ಹಾಡು ನಿಂತಿರುವುದು ಆ ಸ್ವಲ್ಪದ ಮೇಲೆ. ಸಬ್‌ವೂಫರಿನ ಸಪ್ಪಳ ಎಷ್ಟಿರಬೇಕೆಂದರೆ, ಇದೆಯೆಂದು ಗೊತ್ತಾಗಬಾರದು, ಆರಿಸಿದಾಗ ಮಾತ್ರ ಏನೋ ಹೋಯಿತೆನಿಸಬೇಕು.

ಇಡುವ ಜಾಗದ್ದೇ ಒಂದು ಆಟವಾಯಿತು. ನಮ್ಮ ನಡುಮನೆ 16 ಅಡಿ ಉದ್ದ, 12 ಅಡಿ ಅಗಲ. ಕೆಳಗೆ ಶಹಾಬಾದಿ ಫರಸಿ, ಸುತ್ತ ಬರೀ ಗೋಡೆ. ಇಂಥ ಕೋಣೆಯಲ್ಲಿ ಕೆಲವು ತಳದ ಸ್ವರಗಳು ಗೋಡೆಯಿಂದ ಗೋಡೆಗೆ ಬಡಿದು ಒಂದು ಕಡೆ ಗುಡ್ಡೆಯಾಗುತ್ತವೆ, ಇನ್ನೊಂದು ಕಡೆ ಇಲ್ಲವೇ ಇಲ್ಲ. 16 ಅಡಿಯ ಉದ್ದಕ್ಕೆ ಲೆಕ್ಕ ಹಾಕಿದರೆ 35 ಹರ್ಟ್ಸ್, 12 ಅಡಿಗೆ 47. ಮೂಲೆಯಲ್ಲಿಟ್ಟರೆ ಎಲ್ಲಕ್ಕಿಂತ ಹೆಚ್ಚು ಗುಡುಗು. ಸರಿಯಾದ ಜಾಗ ಹುಡುಕಲು ಒಂದು ಉಪಾಯವಿದೆ: ಕೇಳುವವರು ಕೂರುವ ಜಾಗದಲ್ಲಿ ಸಬ್‌ವೂಫರನ್ನು ಕೂರಿಸಿ, ಕೇಳುವವರು ನೆಲದ ಮೇಲೆ ಗೋಡೆಗುಂಟ ಅಂಬೆಗಾಲಿಟ್ಟು ಸುತ್ತಬೇಕು. ಎಲ್ಲಿ ತಳದ ಸ್ವರಗಳೆಲ್ಲ ಸಮನಾಗಿ ಕೇಳುತ್ತವೋ ಅಲ್ಲಿ ಅದನ್ನು ಇಡಬೇಕು. ಅಪ್ಪಾಜಿಯ ತೂಗುಮಂಚದ ಮೇಲೆ ಆ ಕರಿ ಪೆಟ್ಟಿಗೆ ಜಹಗೀರದಾರನಂತೆ ಕೂತಿತು; ಮಕ್ಕಳೂ ಮೊಮ್ಮಕ್ಕಳೂ ಸಾಲಾಗಿ ಅಂಬೆಗಾಲಿನಲ್ಲಿ ಹೊರಟರು; ನಾವು ಹಿರಿಯರೂ ಹೊರಟೆವು. ಅಪ್ಪಾಜಿ ಬಾಗಿಲ ಬಳಿ ಕುರ್ಚಿಯಲ್ಲಿ ಕೂತು, "ಯಾರು ಮುಂದ ಅದಾರ?" ಎಂದು ಕೇಳುತ್ತಿದ್ದರು. ಏಳು ವರ್ಷದ ಹುಡುಗಿ ಅಕ್ಕಿ ಪೀಪಾಯಿಯ ಪಕ್ಕ ನಿಂತು ಇಲ್ಲೇ ಎಂದಳು. ಮಗಳು ಪರೀಕ್ಷಿಸಿ ಹೌದೆಂದಳು. ಪೀಪಾಯಿ ಅಡಿಗೆಮನೆಗೆ ಹೋಯಿತು.

ಸಬ್‌ವೂಫರಿನ ಹಿಂದೆ 0, 180 ಎಂದು ಬರೆದ ಫೇಸಿನ ಸ್ವಿಚ್ಚಿದೆ. ಅದರ ಶಂಕುವೂ ಸ್ಪೀಕರುಗಳ ಶಂಕುವೂ ಒಂದೇ ಹೊತ್ತಿಗೆ ಮುಂದೆ ಬಂದರೆ ಒಂದಕ್ಕೊಂದು ಕೂಡುತ್ತವೆ, ಒಂದು ಮುಂದೆ ಬಂದಾಗ ಇನ್ನೊಂದು ಹಿಂದೆ ಹೋದರೆ ಕಳೆಯುತ್ತವೆ. ಒಬ್ಬರು ಸ್ವಿಚ್ಚು ತಿರುಗಿಸಬೇಕು, ಕೂತವರು ಯಾವುದು ತುಂಬಿ ಕೇಳುತ್ತದೆಂದು ಹೇಳಬೇಕು. ಅಷ್ಟೇ. ಗೋಡೆಯ ಮಾರ್ದನಿಗೆ ಒಂದು ಜಮಖಾನೆ ಹಾಸಿ, ಹಿಂದಿನ ಗೋಡೆಗೆ ಸೊಲ್ಲಾಪುರದ ಎರಡು ಚಾದರು ತೂಗುಹಾಕಿದೆವು.

ಮರುದಿನ ಗುಂಯ್ ಎನ್ನುವ ಸಪ್ಪಳ ಶುರುವಾಯಿತು. ಹಾಡಿಲ್ಲದಾಗಲೂ ಒಂದೇ ಸಮ. ಸಬ್‌ವೂಫರಿದ್ದ ಮನೆಗಳಲ್ಲಿ ಇದು ಹೆಚ್ಚು ಕೇಳುತ್ತದೆ, ಏಕೆಂದರೆ ನಮ್ಮ ಕರೆಂಟು ಸೆಕೆಂಡಿಗೆ 50 ಸಲ ತಿರುಗುವಂಥದು, ಆ 50 ಹರ್ಟ್ಸ್ ಸಬ್‌ವೂಫರಿನ ಸೀಮೆಯೊಳಗೇ ಬರುತ್ತದೆ. ಕಾರಣ ಏನೆಂದರೆ ಸಬ್‌ವೂಫರಿನ ಪ್ಲಗ್ಗು ಒಂದು ಗೋಡೆಯಲ್ಲಿ, ಸ್ಪೀಕರಿನದು ಇನ್ನೊಂದರಲ್ಲಿ. ಎರಡೂ ಮೂರು ಪಿನ್ನಿನವು. ಅರ್ಥಿಂಗಿನ ತಂತಿ ಒಂದು ಸುತ್ತು, ಸಂಕೇತದ ವಾಯರಿನ ನೆಲದ ತಂತಿ ಇನ್ನೊಂದು ಸುತ್ತು ಕೂಡಿ ಉಂಗುರವಾಗಿತ್ತು. ಪಕ್ಕದ ಓಣಿಯ ವಾಯರ್‌ಮನ್ ಒಬ್ಬರು ದಪ್ಪ ಪಿನ್ನು ಕತ್ತರಿಸಿ ಬಿಡಿರಿ, ನಿಲ್ಲುತ್ತದೆ ಎಂದರು. ನಿಲ್ಲುವುದು ಖರೆ. ಆದರೆ ಅರ್ಥಿಂಗಿನ ಪಿನ್ನು ಇರುವುದು ಒಳಗೆ ಏನಾದರೂ ಕೆಟ್ಟು ತಗಡಿಗೆ ಕರೆಂಟು ಬಂದರೆ ಜೀವ ಉಳಿಸಲಿಕ್ಕೆ. ಕೈಯಿಂದ ತಡವಿ ತಡವಿ ಯಂತ್ರ ನಡೆಸುವವರಿರುವ ಮನೆಯಲ್ಲಿ ಅದನ್ನು ಕತ್ತರಿಸುವ ಮಾತೇ ಬೇಡ. ಎಲ್ಲವನ್ನೂ ಒಂದೇ ಬೋರ್ಡಿಗೆ ತಂದೆವು. ಸಪ್ಪಳ ಮುಕ್ಕಾಲುಪಾಲು ನಿಂತಿತು. ಒಂದು ಸಾಮಾನ್ಯ 6 ಆಂಪಿಯರಿನ ಬೋರ್ಡು 1,380 ವ್ಯಾಟು ತಡೆಯುತ್ತದೆ, ಇವೆಲ್ಲ ಕೂಡಿದರೂ ಅದರ ಅರ್ಧ ಆಗುವುದಿಲ್ಲ. ಉಳಿದ ಕಾಲುಪಾಲು ರೆಕಾರ್ಡ್ ಪ್ಲೇಯರಿನದು: ಅದರ ನೆಲದ ಸಣ್ಣ ತಂತಿ ಆಂಪ್ಲಿಫೈಯರಿನ ತಿರುಪಿನಿಂದ ಕಳಚಿತ್ತು. ಇಷ್ಟಾದರೂ ನಿಲ್ಲದಿದ್ದರೆ ಸಂಕೇತದ ವಾಯರಿನ ನಡುವೆ ಹಾಕುವ ಐಸೊಲೇಶನ್ ಟ್ರಾನ್ಸ್‌ಫಾರ್ಮರು ಸಿಗುತ್ತದೆ. ಕರೆಂಟು ಹೋದಾಗ ಮಾತ್ರ ಗುಂಯ್ ಎಂದರೆ ದೋಷ ಸ್ಟೀರಿಯೋದಲ್ಲ, ಅಗ್ಗದ ಸ್ಕ್ವೇರ್ ವೇವ್ ಇನ್ವರ್ಟರಿನದು.

ರೆಕಾರ್ಡ್ ಕೇಳುವವರಿಗೆ ಇನ್ನೊಂದು ತೊಂದರೆ. ಸಬ್‌ವೂಫರಿನ ನಡುಕ ನೆಲದಿಂದ ಏರಿ ಮುಳ್ಳಿಗೆ ತಾಗುತ್ತದೆ, ಮುಳ್ಳು ಅದನ್ನೂ ಹಾಡೆಂದು ತಿಳಿದು ಮತ್ತೆ ಕಳಿಸುತ್ತದೆ, ಸಬ್‌ವೂಫರು ಅದನ್ನು ಇನ್ನೂ ಜೋರಾಗಿ ನಡುಗಿಸುತ್ತದೆ. ಮುಳ್ಳಿನಿಂದ ಬರುವ ಸಂಕೇತ ಕೆಲವೇ ಮಿಲಿವೋಲ್ಟು. ಅದರ ಮೇಲೆ ರೆಕಾರ್ಡು ಮಾಡುವಾಗ ತಳದ ಸ್ವರವನ್ನು ತಗ್ಗಿಸಿರುತ್ತಾರೆ, ನುಡಿಸುವಾಗ ಆಂಪ್ಲಿಫೈಯರು ಅದನ್ನು ಮತ್ತೆ ಎತ್ತುತ್ತದೆ. ಹಾಗೆ ಎತ್ತುವಾಗ ನೆಲದ ನಡುಕವೂ ಎದ್ದುಬಿಡುತ್ತದೆ. ಪ್ಲೇಯರನ್ನು ಮೇಜಿನಿಂದ ತೆಗೆದು ಗೋಡೆಗೆ ಹೂಡಿದ ಕಲ್ಲಿನ ಹಲಗೆಯ ಮೇಲಿಟ್ಟೆವು. ಅಪ್ಪಾಜಿಗೆ ಕೈಗೆಟಕುವ ಎತ್ತರ ನೋಡಿಕೊಂಡೇ ಹಲಗೆ ಹೂಡಿಸಿದ್ದು.

ಹಚ್ಚುವಾಗ ಆಂಪ್ಲಿಫೈಯರು ಮೊದಲು, ಸ್ಪೀಕರು ಕೊನೆಗೆ; ಆರಿಸುವಾಗ ಸ್ಪೀಕರು ಮೊದಲು. ತಪ್ಪಿದರೆ ಢಬ್ ಎಂದು ಶಂಕುವಿಗೆ ಪೆಟ್ಟು. ತೂಗುಮಂಚದ ಪಕ್ಕ ಎರಡು ಸ್ವಿಚ್ಚು ಹಾಕಿಸಿದೆವು, ಮೇಲಿನದು ಆಂಪ್ಲಿಫೈಯರಿಗೆ, ಕೆಳಗಿನದು ಸ್ಪೀಕರು, ಸಬ್‌ವೂಫರಿಗೆ. ಕೆಳಗಿನದರ ಮೇಲೆ ಒಂದು ಹುಣಸೆ ಬೀಜ ಅಂಟಿಸಿದೆ. ಬೆರಳಿಗೆ ಬೀಜ ತಾಗಿದರೆ ಅದು ಕೊನೆಯದು.

ನೆರೆಮನೆಯವರ ವಿಚಾರವನ್ನೂ ಮೊದಲೇ ನೋಡಿಕೊಂಡೆವು. ನಮ್ಮದು ಒಂದೇ ಗೋಡೆಯ ಜೋಡುಮನೆ. ದನಿ ಗೋಡೆಯಲ್ಲಿ ನಿಲ್ಲುತ್ತದೆ, ತಳದ ಸ್ವರ ನಿಲ್ಲುವುದಿಲ್ಲ; ಆಚೆಮನೆಯ ಹಿತ್ತಾಳೆ ಪಾತ್ರೆಗಳು ಮಾತಾಡತೊಡಗುತ್ತವೆ. ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದಿನ ಮಿತಿ 45 ಡೆಸಿಬೆಲ್ ಎಂದು 2000ದ ಶಬ್ದಮಾಲಿನ್ಯದ ನಿಯಮ ಹೇಳುತ್ತದೆ. ನಮ್ಮ ಮನೆಯಲ್ಲಿ ಅಷ್ಟು ಹೊತ್ತಿನವರೆಗೆ ಎದ್ದಿರುವವರೇ ಇಲ್ಲ. ಆದರೂ ಆಚೆಮನೆಯ ಅವ್ವನವರನ್ನು ಕರೆದು ಕೇಳಿಸಿದೆವು. "ಭೀಮಸೇನರದು ಹಚ್ಚಿದಾಗ ಸ್ವಲ್ಪ ಜೋರ ಇಡ್ರಿ" ಎಂದು ಹೇಳಿ ಹೋದರು.

ಈಗ ಸಂಜೆ ತಾಸು ಮರಳಿ ಬಂದಿದೆ. ಕಳೆದ ತಿಂಗಳು ಲೆಕ್ಕ ಓದುವಾಗ ಅಪ್ಪಾಜಿ, "ಆ ಹೆಸರಿನ ಚೀಲ ಎರಡು ಸರತಿ ಬರೆದೀರಿ ನೋಡ್ರಿ" ಎಂದರು.

ಉಳಿದಿರುವುದು ಕ್ಯಾಸೆಟ್ ಡೆಕ್ಕು. ಅದರದು ಐದು ಪಿನ್ನಿನ ದುಂಡು ಪ್ಲಗ್ಗು, ಡಿ.ಐ.ಎನ್. ಎನ್ನುತ್ತಾರೆ. 3 ಮತ್ತು 5ನೆಯ ಪಿನ್ನಿನಲ್ಲಿ ಟೇಪಿನಿಂದ ಆಂಪ್ಲಿಫೈಯರಿಗೆ ಎಡಬಲ ಬರುತ್ತದೆ, 1 ಮತ್ತು 4ರಲ್ಲಿ ತುಂಬಿಕೊಳ್ಳಲು ಹೋಗುತ್ತದೆ, ನಡುವಿನ 2 ನೆಲದ್ದು. ನಮ್ಮದರಲ್ಲಿ 5ನೆಯದು ಮುರಿದಿದೆ, ಬೆಸುಗೆ ಹಾಕಬೇಕು. ಒಳಗಿನ ರಬ್ಬರಿನ ಬೆಲ್ಟು ಕರಗಿ ಡಾಂಬರಿನಂತಾಗಿತ್ತು; ಸ್ಪಿರಿಟ್ಟಿನಲ್ಲಿ ಒರೆಸಿ ತೆಗೆದೆವು, ಹೊಸ ಬೆಲ್ಟು ಟಪಾಲಿನಲ್ಲಿ ಬಂದಿದೆ. ಮಗಳು ಮುಂದಿನ ರಜೆಗೆ ಬರುವವಳಿದ್ದಾಳೆ. ಹಾಕಬೇಕಾದ ಕ್ಯಾಸೆಟ್ಟನ್ನು ಅಪ್ಪಾಜಿ ಈಗಾಗಲೇ ತೆಗೆದಿಟ್ಟುಕೊಂಡಿದ್ದಾರೆ. ಅದರ ಒಂದು ಬದಿಯಲ್ಲಿ ರೇಡಿಯೋದಿಂದ ತುಂಬಿಕೊಂಡ ಹಾಡುಗಳಿವೆ. ಇನ್ನೊಂದು ಬದಿಯಲ್ಲಿ ದೊಡ್ಡಪ್ಪನವರು ದೀಪಾವಳಿಯ ದಿನ ಹೊಸ ಕಿರ್ದಿ ತೆಗೆದು ಮೊದಲ ಪುಟ ಓದಿದ್ದು ಇದೆ.